ಅಡಿವೆಪ್ಪನ ಹಸಿ ಊಟ

ನಮ್ಮೂರಿನಲ್ಲಿ ಸೌತೆಕಾಯಿ ಕೊಳ್ಳುವವರು ಮುಖ ಮರೆಮಾಡಿಕೊಂಡೇ ಕೊಳ್ಳುತ್ತಾರೆ. ಗಂಡಸರಾದರೆ ಟವಲನ್ನು ತಲೆಯ ಮೇಲಿಂದ ಇಳಿಬಿಟ್ಟು, ಹೆಂಗಸರಾದರೆ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, "ಎಮ್ಮಿಗೆ ಬೇಕಾಗಿತ್ತು" ಅಂತಲೋ "ಕಣ್ಣ ಮ್ಯಾಲೆ ಇಟ್ಕೊಳ್ಳಾಕ" ಅಂತಲೋ ಕೇಳದವರಿಗೂ ಹೇಳುತ್ತ ಚೀಲಕ್ಕೆ ಇಳಿಸುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಬೇರೆ ಊರುಗಳ ಗಾದೆ. ನಮ್ಮಲ್ಲಿ ಸೌತೆಕಾಯಿ ಅಂದರೆ ಸಾಕು, ಅರ್ಧ ಸಂತೆ ಹೆಗಲು ಮುಟ್ಟಿಕೊಳ್ಳುತ್ತದೆ.

ಒಲೆಗೆ ಕೇಳಿಸುವಷ್ಟು ಹತ್ತಿರದಲ್ಲಿ ಯಾರಾದರೂ ಸುಳ್ಳು ಹೇಳಿದರೆ ಒಲೆಯ ಮೇಲಿದ್ದದ್ದು ಬೇಯುವುದಿಲ್ಲ. ಬೆಂಕಿ ಉರಿಯುತ್ತಿರುತ್ತದೆ, ಕುದಿ ಮಾತ್ರ ನಿಂತುಬಿಡುತ್ತದೆ. ಅರ್ಧ ಸುಳ್ಳಾದರೆ ಕೆಂಡದ ಮೇಲಿನ ಬದನೆಕಾಯಿ ಒಂದು ಮಗ್ಗುಲು ಸುಟ್ಟು ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿಯುತ್ತದೆ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡು ನಿಜ ನುಡಿದರೆ ಮತ್ತೆ ಕುದಿ ಬರುತ್ತದೆ, ಅದೇನೋ ಸರಿ. ಆದರೆ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಂಡವರನ್ನು ನೀವು ಯಾವ ಊರಲ್ಲಿ ನೋಡಿದ್ದೀರಿ? ಅದಕ್ಕೇ ಸುಳ್ಳು ಹೆಚ್ಚಿರುವ ಮನೆಗಳಲ್ಲಿ ಬೆಳಗಾಗೆದ್ದು ಯಾರೂ ಬಾಯಿ ತೆರೆಯುವ ಮೊದಲೇ ವಾರಕ್ಕಾಗುವಷ್ಟು ಒಣ ಕಟಕ ರೊಟ್ಟಿ ಬಡಿದಿಟ್ಟುಕೊಳ್ಳುತ್ತಾರೆ. ಅದರ ಜೊತೆಗೆ ಸೌತೆಕಾಯಿ, ಮೂಲಂಗಿ, ಗಜ್ಜರಿ, ಮೆಂತ್ಯ ಸೊಪ್ಪು, ಎಲ್ಲ ಹಸಿ. ಸಿಪ್ಪೆಯನ್ನು ಅಂಗಳದಲ್ಲೇ ಹೂಳುತ್ತಾರೆ. ಸಿಪ್ಪೆ ಬೀದಿಗೆ ಬಿದ್ದರೆ ಮಾನ ಬೀದಿಗೆ ಬಿದ್ದಂತೆ.

ಇದರಿಂದ ಒಂದು ಅನ್ಯಾಯವಾಗಿದೆ. ನಮ್ಮೂರಿನ ಸುಳ್ಳುಗಾರರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಮುದುಕರಾದರೂ ಹಲ್ಲು ಅಲ್ಲಾಡುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಕಣ್ಣು ಫಳಫಳ ಹೊಳೆಯುತ್ತವೆ. ಸತ್ಯವಂತರಿಗೆ ಬೊಜ್ಜು, ಎದೆಯುರಿ, ಮಂಡಿನೋವು. ದಿನಾ ಎರಡು ಹೊತ್ತು ಎಣ್ಣೆಯಲ್ಲಿ ತೇಲುವ ಪಲ್ಯ ಉಂಡರೆ ಇನ್ನೇನಾದೀತು? ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಸತ್ಯವಂತರ ಬಗ್ಗೆ ಯಾರೂ ಹಾಗೆ ಅಂದಿಲ್ಲ.

ಊರಿನಲ್ಲೇ ಎಲ್ಲರಿಗಿಂತ ಆರೋಗ್ಯವಂತರು ದರ್ಜಿಗಳು. ಅವರ ತಪ್ಪಲ್ಲ, ಕಸುಬೇ ಹಾಗೆ. "ನಾಳೆ ಬರ್ರಿ, ಗುಂಡಿ ಹಚ್ಚೂದೊಂದ ಬಾಕಿ ಐತಿ" ಅನ್ನದೆ ಯಾವ ದರ್ಜಿಯಾದರೂ ಬದುಕಿದ್ದಾನೆಯೇ? ಆ ಮಾತು ಅಂಗಡಿಯ ಹಿಂದಿನ ಅಡುಗೆಮನೆಗೆ ಕೇಳಿಸಿಯೇ ಕೇಳಿಸುತ್ತದೆ. ಅವರ ಹೆಂಡಂದಿರು ಒಲೆ ಹಚ್ಚುವುದನ್ನೇ ಬಿಟ್ಟು ಎಷ್ಟೋ ಕಾಲವಾಯಿತು.

ಇಂಥ ದರ್ಜಿಗಳ ನಡುವೆ ಅಡಿವೆಪ್ಪ ಒಬ್ಬನೇ ಬೇರೆ. ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ, ಆದ್ದರಿಂದ ಅವನ ವಿಷಯ ನನಗೆ ಅವನಿಗಿಂತ ಎರಡು ಮಾತು ಹೆಚ್ಚೇ ಗೊತ್ತು. ಅಂಗಿ ಹೊಲಿಸಲು ಬಂದವರಿಗೆ ಅವನು, "ನೋಡ್ರಿ, ಇದು ಹಬ್ಬಕ್ಕ ಆಗೂದಿಲ್ಲ. ಹಬ್ಬ ಆದ ಮ್ಯಾಲೂ ಆಗತೈತೋ ಇಲ್ಲೋ ಹೇಳಾಕ ಬರೂದಿಲ್ಲ. ಬೇಕಾದ್ರ ಇಟ್ಟುಹೋಗ್ರಿ" ಅನ್ನುತ್ತಿದ್ದ. ಆದರೂ ಜನ ಇಟ್ಟುಹೋಗುತ್ತಿದ್ದರು. ಅವನ ಹೊಟ್ಟೆ ಹೊಲಿಗೆ ಯಂತ್ರಕ್ಕೆ ತಾಗುತ್ತಿತ್ತು. ಅದು ಅವನ ಸತ್ಯದ ಸರ್ಟಿಫಿಕೇಟು ಎಂದು ಊರು ತಿಳಿದಿತ್ತು. ಆ ಸರ್ಟಿಫಿಕೇಟನ್ನು ಬೆಳೆಸಿದವಳು ಅವನ ಹೆಂಡತಿ ಕಸ್ತೂರೆವ್ವ. ಅವಳ ಬದನೆಕಾಯಿ ಎಣ್ಣೆಗಾಯಿಯ ಹೆಸರು ಹೇಳಿದರೆ ಜ್ವರ ಬಂದವರೂ ಎದ್ದು ಕೂರುತ್ತಿದ್ದರು. ಶೇಂಗಾ, ಎಳ್ಳು, ಗುರೆಳ್ಳು ಹುರಿದು ಕುಟ್ಟಿ, ಎಳೆ ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ಸೀಳಿ, ಮಸಾಲೆ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವ ತನಕ ಬೇಯಿಸುವಾಗ ಅವಳು ಒಲೆ ಬಿಟ್ಟು ಏಳುತ್ತಿರಲಿಲ್ಲ. ಅವಳ ಎಣ್ಣೆಗಾಯಿ ಒಮ್ಮೆಯೂ ತಳ ಹತ್ತಿದ್ದಿಲ್ಲ, ಒಮ್ಮೆಯೂ ಹಸಿ ಉಳಿದಿದ್ದಿಲ್ಲ.

ಹೋದ ಮುಂಗಾರಿನಲ್ಲಿ ಅಡಿವೆಪ್ಪನಿಗೆ ಕಾಲು ಜೋಮು ಹಿಡಿಯತೊಡಗಿತು, ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿ ಎರಡು ಕಾಣಿಸತೊಡಗಿದವು. ಪಕ್ಕದ ಊರಿನ ಡಾಕ್ಟರ್ ಬಾಯಿಯ ಹತ್ತಿರ ಹೋದ. ರಕ್ತ ನೋಡಿದ ಆಕೆ, "ಸಕ್ಕರೆ ಏರಿದೆ. ಎಣ್ಣೆಗಾಯಿ ಬಂದ್. ಹಸಿ ತರಕಾರಿ ತಿನ್ನಿ, ಸೌತೆಕಾಯಿ, ಮೂಲಂಗಿ, ಸೊಪ್ಪು" ಎಂದು ಬರೆದುಕೊಟ್ಟರು. ಆಕೆಗೇನು ಗೊತ್ತು, ಅಲ್ಲಿನ ಒಲೆಗಳು ಯಾರು ಏನಂದರೂ ಉರಿಯುತ್ತವೆ, ಬೇಯಿಸುತ್ತವೆ. ಅಡಿವೆಪ್ಪ ಕಂಗಾಲಾಗಿ, "ಡಾಕ್ಟರ್ ಬಾಯಿ, ಬೇರೆ ಔಷಧ ಇದ್ರ ಕೊಡ್ರಿ. ಇದನ್ನ ತಿಂದ್ರ ನಮ್ಮೂರಾಗ ತಲಿ ಎತ್ತಿ ಅಡ್ಡಾಡೂ ಹಂಗಿಲ್ಲ" ಎಂದ. "ತಿನ್ನದಿದ್ದರೆ ಅಡ್ಡಾಡುವುದೇ ಇರುವುದಿಲ್ಲ" ಎಂದರು ಆಕೆ.

ಮೊದಲ ದಿನ ಸೌತೆಕಾಯಿ ಹೆಚ್ಚುವಾಗ ಕಸ್ತೂರೆವ್ವ ಈರುಳ್ಳಿ ಹೆಚ್ಚಿದವಳ ಹಾಗೆ ಅತ್ತಳು. ಕಿಟಕಿ ಮುಚ್ಚಿದಳು, ಬಾಗಿಲಿಗೆ ಅಗಳಿ ಹಾಕಿದಳು. ಅಷ್ಟೇ ಅಲ್ಲ, ತನ್ನ ತಾಟಿಗೂ ಅದನ್ನೇ ಬಡಿಸಿಕೊಂಡಳು. "ನೀ ಯಾಕ? ನೀ ಎಣ್ಣಿಗಾಯಿ ಉಣ್ಣು" ಎಂದು ಅಡಿವೆಪ್ಪ ಅಂದರೆ, "ನಿಮ್ಮ ಮುಂದ ಕುಂತು ನಾ ಹೆಂಗ ಉಣ್ಣಲಿ? ನಿಮಗಿಲ್ಲದ್ದು ನನಗೂ ಬ್ಯಾಡ" ಎಂದಳು. ಮಗಳು ಮಹಾನಂದಾಳಿಗೆ ಮಾತ್ರ ಎರಡು ಬದನೆಕಾಯಿ ಬೇಯಿಸಿ ಹಾಕುತ್ತಿದ್ದಳು. ಗಂಡ ಹೆಂಡತಿ ಎದುರುಬದುರು ಕೂತು ಮೂಲಂಗಿ ಕಡಿಯುವ ಸದ್ದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಯಾರೋ ತೀರಿಕೊಂಡ ಮನೆಯಲ್ಲಿ ಕಟ್ಟಿಗೆ ಮುರಿಯುವ ಹಾಗೆ.

ಸಿಪ್ಪೆಯ ಗುಟ್ಟು ಎಷ್ಟು ದಿನ ನಿಂತೀತು? ನಮ್ಮ ಮನೆಯ ಆಡು ಒಂದು ಮಧ್ಯಾಹ್ನ ಅವರ ಅಂಗಳ ಕೆದರಿ, ಸೌತೆಕಾಯಿ ಸಿಪ್ಪೆಯನ್ನು ಬಾಯಿಂದ ಜೋಲಾಡಿಸಿಕೊಂಡು ಬಜಾರದ ತುಂಬ ಓಡಾಡಿ ಬಂತು. ಆಡಿನ ಹಿಂದೆ ಜನ ಸಿಪ್ಪೆಯ ಮೂಲ ಹುಡುಕಿಕೊಂಡು ಬಂದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಅಡಿವೆಪ್ಪನೂ ಕೊನೆಗೆ ದರ್ಜಿಯಾದ. ಮಿಕ್ಕ ದರ್ಜಿಗಳು ಅವನನ್ನು ಕಂಡಾಗ ಹಿಂದೆಂದೂ ಇಲ್ಲದ ಪ್ರೀತಿಯಿಂದ ನಕ್ಕು, "ಬಾರಪಾ, ಬಾ" ಎಂದರು. ಹೊಲಿಯಲು ಕೊಟ್ಟವರು ಬಂದು ಬಟ್ಟೆ ವಾಪಸ್ ಕೇಳಿದರು. ಅಡಿವೆಪ್ಪ ಡಾಕ್ಟರ್ ಚೀಟಿ ತೋರಿಸಿದ. "ಚೀಟಿ ಯಾರ ಬೇಕಾದ್ರೂ ಬರಸ್ಕೊಂಡ ಬರತಾರ" ಎಂದು ಅವರು ಗಂಟು ಕಟ್ಟಿಕೊಂಡು ಹೋದರು.

ಬಟ್ಟೆ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಆಗಲೇ ಮಹಾನಂದಾಳ ಮದುವೆಯ ಮಾತು ನಡೆದಿತ್ತು. ಹುಡುಗ ಮುತ್ತಣ್ಣ, ಹಿಟ್ಟಿನ ಗಿರಣಿಯ ತೋಟಪ್ಪನ ಮಗ. ಮಹಾನಂದಾ ಜೋಳ ಬೀಸಿಸಲು ಹೋದಾಗಲೆಲ್ಲ ಅವನು ಹಿಟ್ಟನ್ನು ಎರಡೆರಡು ಸಲ ಬೀಸಿಕೊಡುತ್ತಿದ್ದ, ಅವಳು ಎರಡೆರಡು ಸಲ ನಿಲ್ಲಲಿ ಅಂತ. ಮನೆಯಲ್ಲಿ ಜೋಳವಿದ್ದಷ್ಟೂ ಹಿಟ್ಟಾಗಿ ಡಬ್ಬಿಗಳೆಲ್ಲ ತುಂಬಿದಾಗ ಕಸ್ತೂರೆವ್ವ ಕೇಳಿದಳು, ಮಗಳು ಒಲೆಯ ಮುಂದೆಯೇ ಹೇಳಿದಳು: "ಅವ್ವಾ, ಮದವಿ ಅಂತ ಆದ್ರ ಅವನ್ನ. ಇಲ್ಲಂದ್ರ ಯಾರನ್ನೂ ಇಲ್ಲ." ಅನ್ನದ ಗಡಿಗೆ ಬಡಬಡ ಕುದಿಯಿತು. ಇನ್ನು ಮಾತೇ ಇಲ್ಲ.

ತೋಟಪ್ಪ ಬಿಗಿ ಮನುಷ್ಯ. ಏಳು ತಲೆಯಿಂದ ತಮ್ಮ ಮನೆಯಲ್ಲಿ ಹಸಿಯಾದದ್ದೇನೂ ಬಾಯಿಗೆ ಹೋಗಿಲ್ಲವೆಂದು ಗಿರಣಿಗೆ ಬಂದವರಿಗೆಲ್ಲ ಹೇಳುವವನು. ಉಪ್ಪಿನಕಾಯಿಯನ್ನೂ ಬಿಸಿಮಾಡಿ ತಿನ್ನುವ ಮನೆ ಅದು. ಆಡಿನ ಸುದ್ದಿ ಅವನ ಕಿವಿಗೂ ಬಿತ್ತು. "ಒಲಿ ಮಾತು ಆಗಲಿ. ಆದ್ರ ಸೊಪ್ಪು ಗಿಪ್ಪು ನಡಿಯೂದಿಲ್ಲ. ಎಣ್ಣಿಗಾಯಿನ ಆಗಬೇಕು" ಎಂದು ಹೇಳಿಕಳಿಸಿದ.

ಒಲೆ ಮಾತು ಅಂದರೆ ನಮ್ಮ ಪದ್ಧತಿ. ಬೇರೆ ಕಡೆ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಂತೆ. ನಮ್ಮಲ್ಲಿ ಹೆಣ್ಣಿನ ತಾಯಿ ಒಲೆಯ ಮೇಲೆ ಪಲ್ಯ ಇಡಬೇಕು, ಎರಡೂ ಕಡೆಯವರು ಸುತ್ತ ಕೂತು ಅದು ಬೇಯುವ ತನಕ ಮಾತಾಡಬೇಕು, ಒಬ್ಬ ನೆರೆಯವನು ಸಾಕ್ಷಿಗೆ ಇರಬೇಕು. ಬೆಂದರೆ ಮದುವೆ, ಹಸಿ ಉಳಿದರೆ ಅವರವರ ಚಪ್ಪಲಿ ಅವರವರು ಹಾಕಿಕೊಂಡು ಹೊರಡಬೇಕು. ಹುಡುಗ ಹುಡುಗಿ ಇರುತ್ತಾರೆ, ಮಾತಾಡುವ ಹಾಗಿಲ್ಲ. ಒಳಗೆ ಏನಾದರೂ ಮುಚ್ಚಿಟ್ಟುಕೊಂಡವರು ಬೇಗ ಬೇಯುವ ರಾಜಗಿರಿ ಸೊಪ್ಪು ಇಟ್ಟು, ಮಳೆ ಬೆಳೆ ವಿಚಾರ ಮಾತಾಡಿ ಪಾರಾಗುತ್ತಾರೆ. ಎಣ್ಣೆಗಾಯಿ ಅಂದರೆ ಸಣ್ಣ ಉರಿ, ದೊಡ್ಡ ಹೊತ್ತು. ಅಷ್ಟು ಹೊತ್ತು ನಿಜವನ್ನೇ ಮಾತಾಡಿ ಎದ್ದುಬರುವುದು ಗಂಡಾಳಿನ ಕೆಲಸ.

ಅಡಿವೆಪ್ಪನಿಗೆ ಆ ಹೊತ್ತಿಗೆ ಹೊಟ್ಟೆಯೊಳಗೆ ಒಂದು ಮಾತು ಕೂತಿತ್ತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಆಮೇಲೆ ಹೇಳಿದ್ದು. ಏನಾಗಿತ್ತೆಂದರೆ, ಮೊದಲ ವಾರ ಅವನು ಸೌತೆಕಾಯಿಯನ್ನು ಮಾತ್ರೆ ನುಂಗಿದಂತೆ ನುಂಗಿದ. ಆಮೇಲೊಂದು ದಿನ ಮಳೆ ನಿಂತ ಬೆಳಗ್ಗೆ ಎಳೆಯ ಸೌತೆಕಾಯಿಗೆ ಉಪ್ಪು ಸವರಿ ಕಚ್ಚಿದಾಗ ಬಾಯೊಳಗೆ ತಣ್ಣಗೆ ಏನೋ ತೆರೆದುಕೊಂಡ ಹಾಗಾಯಿತು. ಇದೇನಿದು ಎಂದು ಇನ್ನೊಂದು ಕಚ್ಚಿದ. ಹಕ್ಕರಕಿ ಸೊಪ್ಪಿನ ಒಗರು, ಮೂಲಂಗಿಯ ಮೂಗಿಗೇರುವ ಖಾರ, ಎಳೆ ಬೆಂಡೆಕಾಯಿಯನ್ನು ಹಸಿಯಾಗಿಯೇ ಮುರಿದರೆ ಬರುವ ಹಾಲಿನಂಥ ರುಚಿ, ಒಂದೊಂದೂ ಅವನಿಗೆ ಹೊಸದು. ಚಳಿ ಬಿದ್ದ ಮೇಲೆ ಹುಳಿ ಹುಳಿಯಾದ ಕಡಲೆ ಸೊಪ್ಪು ಬಂತು, ಕೆಂಪು ಗಜ್ಜರಿ ಬಂತು, ಸೀತನಿಯ ಎಳೆ ಜೋಳ ಬಂತು. ಇಷ್ಟು ವರ್ಷ ಎಣ್ಣೆ ಮಸಾಲೆಯ ಕಂಬಳಿ ಹೊದ್ದು ಮಲಗಿದ್ದ ನಾಲಿಗೆ ಎದ್ದು ಕೂತಿತು. ಹೊಟ್ಟೆ ಹೊಲಿಗೆ ಯಂತ್ರದಿಂದ ದೂರ ಸರಿಯಿತು. ಸೂಜಿ ಮತ್ತೆ ಒಂದಾಯಿತು.

ಮನೆಯಲ್ಲಿ ತಿಂದದ್ದು ಸಾಲದೆ ಅವನು ಯಮನೂರಪ್ಪನ ಅಂಗಡಿಗೂ ಹೋಗತೊಡಗಿದ. ಯಮನೂರಪ್ಪ ಹಡಗಿನ ಅಡುಗೆಮನೆಯಲ್ಲಿ ದುಡಿದು ದೇಶ ಸುತ್ತಿ ಬಂದವನು. ಬಸ್ ನಿಲ್ದಾಣದ ಹಿಂದೆ ಗೋಣಿತಟ್ಟಿನ ಪರದೆ ಕಟ್ಟಿ ಸುಶಿ ಮಾರುತ್ತಿದ್ದ. "ಅದರೊಳಗ ಮೀನ ಇರತೈತಂತಲ್ಲೋ" ಎಂದು ಅಡಿವೆಪ್ಪ ಪರದೆಯ ಹೊರಗೇ ನಿಂತು ಅನುಮಾನದಿಂದ ಕೇಳಿದ್ದ. "ಅವರ ದೇಶದಾಗ ಇರತೈತಿ ಕಾಕಾ. ನಮ್ಮೂರಾಗ ಸೌತಿಕಾಯಿ" ಎಂದ ಯಮನೂರಪ್ಪ. ಹುಳಿ ಹಾಕಿದ ಅನ್ನವನ್ನು ಕಡಲ ಪಾಚಿಯ ಕಪ್ಪು ಹಾಳೆಯ ಮೇಲೆ ಹರಡಿ, ನಡುವೆ ಸೌತೆಕಾಯಿ ಗಜ್ಜರಿಯ ಎಳೆ ಇಟ್ಟು, ಚಾಪೆಯಲ್ಲಿ ಸುತ್ತಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಕೊಡುವುದು. ನಮ್ಮೂರಿನವರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಯಾವ ದೇಶದವರೂ ಕಂಡುಹಿಡಿಯಲಾರರು: ಹೊರಗೆ ಬೆಂದ ಅನ್ನ, ಆದ್ದರಿಂದ ಮಾನವಿತ್ತು, ಒಳಗೆ ಹಸಿ, ಆದ್ದರಿಂದ ರುಚಿಯಿತ್ತು. ಪಕ್ಕದಲ್ಲೇ ಕೆಂಡದ ಮೇಲೆ ದೊಣ್ಣೆಮೆಣಸಿನಕಾಯಿ, ಗೆಣಸು, ಬದನೆಕಾಯಿ ಸುಡುತ್ತಿದ್ದುದರಿಂದ ಒಳಗೆ 'ಇಲ್ಲಿ ಮಾತಾಡಬಾರದು' ಎಂದು ಬೋರ್ಡು ಹಾಕಿದ್ದ. ಊರಿನ ದರ್ಜಿಗಳು, ವಕೀಲರು, ದಲ್ಲಾಳಿಗಳು ಸಾಲಾಗಿ ಕೂತು, ಬೆರಳಲ್ಲಿ ಸನ್ನೆ ಮಾಡಿ, ಋಷಿಗಳ ಹಾಗೆ ಮೌನವಾಗಿ ತಿನ್ನುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆಯ ಎರಡೂ ತುಂಡು ಒಟ್ಟಿಗೆ ಕೂಡಿದ್ದು ಆ ಪರದೆಯ ಹಿಂದೆ ಮಾತ್ರ.

ಸಂಕ್ರಾಂತಿಯ ಹೊತ್ತಿಗೆ ಡಾಕ್ಟರ್ ಬಾಯಿ ರಕ್ತ ನೋಡಿ, "ಸಕ್ಕರೆ ಹತೋಟಿಗೆ ಬಂದಿದೆ. ಇನ್ನು ಆಗೊಮ್ಮೆ ಈಗೊಮ್ಮೆ ಎಣ್ಣೆಗಾಯಿ ತಿನ್ನಬಹುದು" ಎಂದರು. ಅಡಿವೆಪ್ಪನಿಗೆ ಸಂತೋಷವಾಗಲಿಲ್ಲ. ಮನೆಗೆ ಬಂದರೆ ಕಸ್ತೂರೆವ್ವ ಹೊರಗಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. "ಏನಂದ್ರು?" ಎಂದಳು, ಮುಖದ ತುಂಬ ಆಸೆ ಇಟ್ಟುಕೊಂಡು. ಹೇಳಿದರೆ ಅವಳು ಅವತ್ತೇ ಬದನೆಕಾಯಿ ಸೀಳುತ್ತಾಳೆ. ಅದನ್ನು ಉಂಡು ಮೊದಲಿನ ಹಾಗೆ ಚಪ್ಪರಿಸಲು ತನ್ನಿಂದ ಆಗದಿದ್ದರೆ? ಅವಳ ಕೈಯಡುಗೆಗಿಂತ ಬರಿಯ ಸೌತೆಕಾಯಿ ಸೇರುತ್ತದೆ ಎಂದು ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು? ಕಟ್ಟೆಗೂ ಒಲೆಗೂ ನಡುವೆ ಎರಡು ಕೋಣೆ ಇದ್ದವು. "ಹಿಂಗ ಮುಂದವರಸ್ರಿ ಅಂದ್ರು" ಎಂದುಬಿಟ್ಟ. ಅದು ಅಡಿವೆಪ್ಪ ಹೇಳಿದ ಮೊದಲ ಸುಳ್ಳು. ಕಸ್ತೂರೆವ್ವ ನಿಟ್ಟುಸಿರು ಬಿಟ್ಟು ಸೌತೆಕಾಯಿ ಹೆಚ್ಚಲು ಎದ್ದಳು. ಅಂದಿನಿಂದ ಅವನು ಅಡುಗೆಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ.

ಒಲೆ ಮಾತಿನ ದಿನ ಬಂತು. ತೋಟಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು, ಹೆಂಡತಿ ಈರವ್ವನನ್ನೂ ಮಗ ಮುತ್ತಣ್ಣನನ್ನೂ ಕರೆದುಕೊಂಡು ಬಂದ. ನೆರೆಯವನೆಂದು ಸಾಕ್ಷಿಗೆ ನನ್ನನ್ನೇ ಕೂರಿಸಿದರು. ಕಸ್ತೂರೆವ್ವ ಮಸಾಲೆ ತುಂಬಿದ ಬದನೆಕಾಯಿಗಳನ್ನು ಬೋಗುಣಿಯಲ್ಲಿ ಜೋಡಿಸಿ ಒಲೆಯ ಮೇಲಿಟ್ಟಳು. ಕಲಾಯಿ ಮಾಡಿಸಿದ ಬೋಗುಣಿ ಥಳಥಳ ಹೊಳೆಯುತ್ತಿತ್ತು. ಮಹಾನಂದಾ ಒಂದು ಮೂಲೆ, ಮುತ್ತಣ್ಣ ಒಂದು ಮೂಲೆ. ಅವನ ಕೂದಲಿಗೆ ಅವತ್ತೂ ಒಂಚೂರು ಹಿಟ್ಟು ಅಂಟಿತ್ತು.

ಈರವ್ವನೇ ಶುರುಮಾಡಿದಳು. "ಹುಡಿಗಿಗೆ ಅಡಿಗಿ ಬರತೈತೇನ್ರೀ ಅಕ್ಕಾರ?"

"ಚಾ ಬರತೈತ್ರೀ. ಅದೂ ಒಂದೊಂದ ಸಲ" ಎಂದಳು ಕಸ್ತೂರೆವ್ವ. ಬೋಗುಣಿ ಗುಳುಗುಳು ಅಂದಿತು. ಎಲ್ಲರಿಗೂ ಸಮಾಧಾನವಾಯಿತು.

"ನಿಮ್ಮ ಹುಡುಗಗ ಸಿಟ್ಟು ಹೆಂಗ್ರಿ?" ಅಡಿವೆಪ್ಪ ಕೇಳಿದ.

"ಬರತೈತಿ. ಆದ್ರ ಅದಕ್ಕಿಂತ ಮೊದಲ ನಿದ್ದಿ ಬರತೈತಿ" ಎಂದ ತೋಟಪ್ಪ. ಬೋಗುಣಿ ಇನ್ನೂ ಜೋರಾಗಿ ಕುದಿಯಿತು. ಘಮ ಎದ್ದಿತು. ಮಾತು ಸರಾಗವಾಗಿ ಸಾಗಿತು. ಮಹಾನಂದಾಳಿಗೆ ಬೈದರೆ ಎರಡು ದಿನ ಮಾತು ಬಿಡುತ್ತಾಳೆ, ಮುತ್ತಣ್ಣ ಗೊರಕೆ ಹೊಡೆಯುತ್ತಾನೆ, ಈರವ್ವನಿಗೆ ಸೊಸೆಯ ಮೇಲೆ ಅಧಿಕಾರ ಮಾಡಬೇಕೆಂಬ ಆಸೆ ಬಹಳ ಇದೆ, ಎಲ್ಲ ಹೊರಗೆ ಬಂತು, ಬದನೆಕಾಯಿ ಮೆತ್ತಗಾಗುತ್ತ ಬಂತು. ಆ ಹುರುಪಿನಲ್ಲಿ ತೋಟಪ್ಪ ಮೀಸೆಯ ಮೇಲೆ ಕೈ ಎಳೆದು, "ಎಲ್ಲಾ ಖರೆ. ಆದ್ರ ಒಂದ ಹೇಳತೇನಿ. ಏಳು ತಲಿಯಿಂದ ನಮ್ಮ ಮನ್ಯಾಗ ಹಸೀದು ಯಾರ ಬಾಯಾಗೂ ಹೋಗಿಲ್ಲ" ಎಂದ.

ಕುದಿ ನಿಂತಿತು.

ಎಲ್ಲರೂ ಬೋಗುಣಿ ನೋಡಿದರು, ಆಮೇಲೆ ತೋಟಪ್ಪನನ್ನು ನೋಡಿದರು. ಪಟಗದ ಕೆಳಗೆ ಬೆವರು ಇಳಿಯಿತು. "ನಮ್ಮಪ್ಪ ಒಂದ ಸಲ ಮೂಲಂಗಿ ತಿಂದಿದ್ದ" ಎಂದ. ಒಂದು ಗುಳ್ಳೆ ಬಂತು. "ಒಂದ ಸಲ ಅಲ್ಲ, ಸಂತಿಗೆ ಹೋದಾಗೊಮ್ಮೆ." ಇನ್ನೆರಡು ಬಂದವು. ಈರವ್ವ ಅವನ ಮಗ್ಗುಲಿಗೆ ತಿವಿದಳು. "ಆತು, ನಾನೂ ಯಮನೂರನ ಅಂಗಡಿಗೆ ಹೋಗತಿದ್ದೆ!" ಎಂದು ತೋಟಪ್ಪ ಕೂಗಿದ. ಬೋಗುಣಿ ಬಡಬಡ ಕುದಿಯತೊಡಗಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ನಾನು ಸಾಕ್ಷಿಯಾದ್ದರಿಂದ ನಗುವ ಹಾಗಿರಲಿಲ್ಲ, ಕೆಮ್ಮಿದೆ.

ಮಾನ ಹೋದ ಮನುಷ್ಯ ಪಕ್ಕದವನ ಮಾನದ ಕಡೆ ಕೈ ಚಾಚುತ್ತಾನೆ. ತೋಟಪ್ಪ ಅಡಿವೆಪ್ಪನ ಕಡೆ ತಿರುಗಿ ಗುಡುಗಿದ, "ನಂದಿರಲಿ. ನಿಮ್ಮದು ಹೇಳ್ರಿ. ಊರೆಲ್ಲಾ ಅಂತಾರ, ನೀವು ದಿನಾ ಹಸೀದ ತಿಂತೀರಂತ. ಯಾಕ?"

ಅಡಿವೆಪ್ಪ ಈ ಪ್ರಶ್ನೆಗೇ ಹೆದರಿದ್ದು. ಅಭ್ಯಾಸದಂತೆ ಬಾಯಿಗೆ ಬಂದದ್ದು ಒಂದೇ: "ಡಾಕ್ಟರ್ ಬಾಯಿ ಹೇಳ್ಯಾರಂತ ತಿನ್ನಾಕ ಹತ್ತೇನ್ರಿ."

ಬೋಗುಣಿ ತಣ್ಣಗಾಯಿತು. ಒಂದು ಗುಳ್ಳೆಯಿಲ್ಲ, ಆವಿಯಿಲ್ಲ. ಒಲೆಯೊಳಗೆ ಉರಿ ಮಾತ್ರ ನಾಲಗೆ ಚಾಚುತ್ತಿತ್ತು.

ಕಸ್ತೂರೆವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಮನೆಯವರ ಮಾತಿಗೆ ಅವಳ ಒಲೆಯ ಕುದಿ ಎಂದೂ ನಿಂತಿರಲಿಲ್ಲ. "ಅಲ್ರೀ, ಚೀಟಿ ಐತೆಲ್ಲ... ಖರೆನ ಐತೆಲ್ಲ ಅದು?" ಎಂದಳು, ಮೊದಲು ಗಂಡನಿಗೆ, ಆಮೇಲೆ ಬೋಗುಣಿಗೆ. ತೋಟಪ್ಪ ಎದ್ದು ನಿಂತು, "ನಡೀರಿ" ಎಂದು ಹೆಂಡತಿ ಮಗನಿಗೆ ಹೇಳಿದ. ಮುತ್ತಣ್ಣ ಏಳಲಿಲ್ಲ. ಮಾತಾಡಬಾರದ ಮಹಾನಂದಾ, "ಅಪ್ಪಾ" ಎಂದಳು. ಅಷ್ಟೇ. ಅವಳ ಕಣ್ಣು ತುಂಬಿದ್ದವು.

ಅಡಿವೆಪ್ಪ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಎರಡರಲ್ಲಿ ಒಂದು ಮುಖ ಬಾಡುವುದು ಖಂಡಿತ. "ಕುಂಡರ್ರಿ, ಬೀಗರ" ಎಂದ. "ಡಾಕ್ಟರ್ ಬಾಯಿ ಹೇಳಿದ್ದು ಖರೆ. ಮೊದಲ." ಒಂದು ಗುಳ್ಳೆ ಬಂತು. "ಸಂಕ್ರಾಂತಿಗೆ, ಎಣ್ಣಿಗಾಯಿ ತಿಂದ್ರ ನಡೀತೈತಿ ಅಂದ್ರು." ಮತ್ತೆ ಒಂದೆರಡು. ಕಸ್ತೂರೆವ್ವ ತಟ್ಟನೆ ತಲೆ ಎತ್ತಿದಳು. ಅವನು ಅವಳ ಕಡೆ ನೋಡಲಾರದೆ ಬದನೆಕಾಯಿಗಳನ್ನೇ ನೋಡುತ್ತ, "ನನಗ ಅದು ಸೇರತೈತಿ. ಸೌತಿಕಾಯಿ, ಮೂಲಂಗಿ, ಹಕ್ಕರಕಿ. ಯಾರ ಹೇಳಿದ್ರಂತನೂ ಅಲ್ಲ. ನನ್ನ ಆಸಿಗೆ ತಿಂತೇನಿ. ಎಣ್ಣಿಗಾಯಿಕಿಂತ ಅದ ನನಗ ರುಚಿ ಹತ್ತೇತಿ" ಎಂದ.

ಬೋಗುಣಿ ಉಕ್ಕಿ ಕುದಿಯಿತು. ತೋಟಪ್ಪ ಕೂತುಕೊಂಡು, ತೊಡೆ ತಟ್ಟಿ ನಕ್ಕ. "ಇಷ್ಟ ಏನ್ರೀ ಮತ್ತ! ನಾ ಏನೋ ತಿಳಕೊಂಡಿದ್ದೆ. ಯಮನೂರನ ಸುಶಿ ಏನ್ ಇರತೈತ್ರೀ ಅಂತೀನಿ, ಆಹಾ!" ಈರವ್ವನೂ ನಕ್ಕಳು. ಮುತ್ತಣ್ಣ ಮಹಾನಂದಾ ಉಸಿರು ಬಿಟ್ಟರು. ಈರವ್ವ ಸಲುಗೆಯಿಂದ ಕಸ್ತೂರೆವ್ವನ ಮೊಣಕೈ ಮುಟ್ಟಿ, "ನಿಮಗೇನ ಬ್ಯಾಸರಿಲ್ಲ ಹೌದಿಲ್ಲೋ ಅಕ್ಕಾರ?" ಎಂದಳು.

"ಅಯ್ಯ, ನನಗ್ಯಾಕ ಬ್ಯಾಸರ್ರೀ" ಎಂದಳು ಕಸ್ತೂರೆವ್ವ.

ಕುದಿ ಟಪ್ಪನೆ ನಿಂತಿತು.

ಮುಕ್ಕಾಲು ಬೆಂದ ಎಣ್ಣೆಗಾಯಿ ಹೆಣದ ಹಾಗೆ ಮಲಗಿತ್ತು. ಇನ್ನು ಅವಳು ಬಾಯಿ ಬಿಡದಿದ್ದರೆ ಮದುವೆ ಇಲ್ಲ. ಕಸ್ತೂರೆವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಬೀಗರು, ನೆರೆಯವರು ಯಾರನ್ನೂ ಲೆಕ್ಕಿಸದೆ ಗಂಡನ ಕಡೆ ತಿರುಗಿದಳು.

"ಬ್ಯಾಸರ ಆಗೇತಿ" ಎಂದಳು. "ಯಾಕ ಆಗಬಾರದು? ನಿಮಗಿಲ್ಲದ್ದು ನನಗ ಬ್ಯಾಡಂತ ನಾ ಇಷ್ಟ ದಿನಾ ಬದನಿಕಾಯಿ ಮುಟ್ಟಿಲ್ಲ. ಮಗಳಿಗೆ ಮಾಡಿ ಹಾಕುವಾಗ ವಾಸನಿ ಕುಡದು ಸುಮ್ಮನಾಗೇನಿ. ಆ ಹಸಿ ಮೂಲಂಗಿ ತಿಂದು ತಿಂದು ನನ್ನ ಹೊಟ್ಟಿ ಉಬ್ಬತೈತಿ, ತೇಗು ಬರತಾವ, ಕಣ್ಣಾಗ ನೀರ ಬರತಾವ. ಒಂದ ಎಲಿನೂ ನನಗ ಸೇರಿಲ್ಲ. ಪಾಪ, ಅವರೂ ಹಿಂಗ ಒದ್ದಾಡಾಕ ಹತ್ಯಾರಂತ ತಿಳಕೊಂಡು ನುಂಗೇನಿ. ನೀವು ನನ್ನ ಮುಂದ ಕುಂತು ಚೈನೀ ಮಾಡಾಕ ಹತ್ತಿದ್ರಿ!"

ಬೋಗುಣಿಯ ಕುದಿಗೆ ಮಸಾಲೆ ಸಿಡಿದು ತೋಟಪ್ಪನ ಹೊಸ ಪಟಗದ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಅಡಿವೆಪ್ಪನಿಗೆ ನಾಚಿಕೆಯಾಯಿತು, ದುಃಖವಾಯಿತು. ತನಗೆ ಹಬ್ಬವಾದದ್ದು ಅವಳಿಗೆ ಉಪವಾಸವಾಗಿತ್ತು ಎಂದು ಎದುರಿಗೇ ಕೂತು ಉಂಡ ಅವನಿಗೆ ತಿಳಿಯಲಿಲ್ಲವಲ್ಲ. ಹೆಂಡತಿಯ ಕಡೆ ತಿರುಗಿದ. "ನಿನಗ ಹೇಳಾಕ ಅಂಜಿಕಿ ಬಂತ ನೋಡು. ಎಣ್ಣಿಗಾಯಿ ಬ್ಯಾಡ ಅಂದ್ರ, ನೀನ ಬ್ಯಾಡ ಅಂದಂಗ ಆಗತೈತಂತ..."

"ಹಂಗಾರ ನಾ ಬೇಕೇನು?" ಎಂದಳು ಕಸ್ತೂರೆವ್ವ.

ನಮ್ಮೂರಿನಲ್ಲಿ ಗಂಡ ಹೆಂಡತಿ ಇಂಥ ಪ್ರಶ್ನೆಯನ್ನು ಒಲೆಯ ಹತ್ತಿರ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಲೇಬೇಕಾದರೆ ಅಂಗಳಕ್ಕೆ ಹೋಗಿ, ಬಾವಿಯ ಆಚೆ ನಿಂತು ಕೇಳಿಕೊಳ್ಳುತ್ತಾರೆ. ಯಾರ ಸಂಸಾರಕ್ಕೂ ಅಷ್ಟು ಧೈರ್ಯ ಇರುವುದಿಲ್ಲ. ಈರವ್ವ ಗಂಡನನ್ನು ಒಮ್ಮೆ ನೋಡಿ ಬೇಗ ಬೇರೆ ಕಡೆ ನೋಡಿದಳು.

"ಬೇಕು" ಎಂದ ಅಡಿವೆಪ್ಪ.

ತೋಟಪ್ಪ, ಈರವ್ವ, ಮುತ್ತಣ್ಣ, ಮಹಾನಂದಾ, ನಾನು, ಎಲ್ಲರೂ ಒಟ್ಟಿಗೇ ಬಗ್ಗಿ ಬೋಗುಣಿಯೊಳಗೆ ಇಣುಕಿದೆವು. ಇಣುಕುವ ಭರದಲ್ಲಿ ನನ್ನ ತಲೆ ತೋಟಪ್ಪನ ತಲೆಗೆ ಬಡಿಯಿತು. ಬೋಗುಣಿ ಬಡಬಡ ಕುದಿಯುತ್ತಿತ್ತು. ಕಸ್ತೂರೆವ್ವ ಒಬ್ಬಳು ಬೋಗುಣಿ ನೋಡಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು, ನೋಡುತ್ತಲೇ ಇದ್ದಳು, ಸೌಟು ಕೆಳಗೇ ಬಿದ್ದಿತ್ತು, ಉರಿ ತಗ್ಗಿಸುವವರು ಯಾರೂ ಇರಲಿಲ್ಲ. ಅವತ್ತು ಕಸ್ತೂರೆವ್ವನ ಎಣ್ಣೆಗಾಯಿ ತಳ ಹತ್ತಿತು.